ಹೊಂದಿಸುವುದು ಮತ್ತು ಹೊಂದಿಕೊಳ್ಳುವುದು

'ಹೊಂದು' ಎಂಬ ಒಂದೇ ಧಾತುವಿನಿಂದ ನಮ್ಮ ಭಾಷೆ ಎರಡು ಕ್ರಿಯಾಪದಗಳನ್ನು ಮಾಡಿಕೊಂಡಿದೆ: ಹೊಂದಿಸುವುದು, ಹೊಂದಿಕೊಳ್ಳುವುದು. ತರಗತಿಯಲ್ಲಿ ಇವುಗಳ ಭೇದವನ್ನು ಹೇಳಿಕೊಡುವುದು ಸುಲಭ. ಮೊದಲನೆಯದರಲ್ಲಿ ನಾವು ವಸ್ತುವನ್ನು ಸರಿಯಾದ ಸ್ಥಿತಿಗೆ ತರುತ್ತೇವೆ; ಎರಡನೆಯದರಲ್ಲಿ ವಸ್ತು ಇದ್ದಂತೆಯೇ ಇರುತ್ತದೆ, ನಾವು ಬದಲಾಗುತ್ತೇವೆ. ಆದರೆ ಬಾಳಿನಲ್ಲಿ ಯಾವಾಗ ಯಾವುದನ್ನು ಮಾಡತಕ್ಕದ್ದು ಎಂಬುದು ಅಷ್ಟು ಸುಲಭವಲ್ಲ. ಇಂಗ್ಲಿಷಿನ 'ಅಡ್ಜಸ್ಟ್' ಎಂಬ ಶಬ್ದವನ್ನು ಎರಡಕ್ಕೂ ಬಳಸಿ ನಾವು ತೊಡಕನ್ನು ಇನ್ನಷ್ಟು ಹೆಚ್ಚಿಸಿಕೊಂಡಿದ್ದೇವೆ. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಕೂಡಬಯಸುವವನ 'ಸ್ವಲ್ಪ ಅಡ್ಜಸ್ಟ್ ಮಾಡ್ರಿ'ಗೂ, ಗ್ಯಾರೇಜಿನಲ್ಲಿ ಪಾನಾ ಹಿಡಿದ ಮಿಸ್ತ್ರಿಯ 'ಅಡ್ಜಸ್ಟ್ ಮಾಡಬೇಕ್ರಿ'ಗೂ ಎಷ್ಟು ಅಂತರ!

ಈ ಅಂತರವನ್ನು ನನಗೆ ಮನಗಾಣಿಸಿದ್ದು ಯಾವ ವ್ಯಾಕರಣವೂ ಅಲ್ಲ. ಒಂದು ಹಳೆಯ ಜೀಪಿನ ಕ್ಲಚ್ ಪೆಡಲು. ನನ್ನ ಹೆಂಡತಿಯ ಅಣ್ಣನಿಗೆ ತಿಕೋಟಾದ ಹತ್ತಿರ ದ್ರಾಕ್ಷಿಯ ತೋಟವಿದೆ. ಹಿಂದಿನ ಆಸನಗಳನ್ನು ಕಿತ್ತು, ಸರಕು ಹೇರಲು ಅನುವು ಮಾಡಿಕೊಂಡ ಜೀಪು ಅವರದು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕೆಯಲ್ಲಿ ಹುಟ್ಟಿದ ಈ ಬಗೆಯ ಗಾಡಿಯನ್ನು 1940ರ ದಶಕದ ಕೊನೆಗೆ ಮಹೀಂದ್ರಾ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ, ನಮ್ಮ ಕಡೆಯ ಹಳ್ಳಿಗಳಿಗೂ ಅದು ಬಂದು ನೆಲೆಸಿತು. ಡೋಣಿ ಬಯಲಿನ ಎರೆಮಣ್ಣು ಮಳೆಗಾಲದಲ್ಲಿ ಹೇಗಿರುತ್ತದೆಂಬುದನ್ನು ಕಂಡವರಿಗೆ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಮುಟ್ಟುವ ಗಾಡಿಯ ಬೆಲೆ ಗೊತ್ತು.

ಆ ಜೀಪಿನ ಕ್ಲಚ್ ಪೆಡಲು ಬಹಳ ಸಡಿಲವಾಗಿತ್ತು. ಕಾಲಿಟ್ಟರೆ ಅರ್ಧದಷ್ಟು ದೂರ ಸುಮ್ಮನೆ ಇಳಿಯುತ್ತಿತ್ತು. ನೆಲಕ್ಕೆ ಮುಟ್ಟುವ ತನಕ ಒತ್ತಿದರೂ ಎಂಜಿನ್ನಿಗೂ ಗಾಲಿಗೂ ಇರುವ ಸಂಬಂಧ ಪೂರ್ತಿ ಬಿಡುತ್ತಿರಲಿಲ್ಲ. ಆದರೆ ಅದನ್ನು ನಡೆಸುತ್ತಿದ್ದ ಚಾಲಕ ಬಲು ಜಾಣ. ಗಾಡಿ ನಿಲ್ಲಿಸುವ ಮೊದಲೇ ಗಿಯರು ತೆಗೆಯುವನು. ಹಾಕುವಾಗ ಪೆಡಲನ್ನು ತುದಿಗಾಲಿನಿಂದ ನೆಲಕ್ಕೊತ್ತಿ, ಕ್ಷಣಕಾಲ ತಡೆದು, ಮೆಲ್ಲಗೆ ಜಾರಿಸುವನು. ಒಮ್ಮೆ ಪಕ್ಕದಲ್ಲಿ ಕೂತಿದ್ದಾಗ ನಾನು ಈ ಸಂಗತಿಯನ್ನು ಎತ್ತಿದೆ. "ಏನೂ ಆಗೂದಿಲ್ರಿ ಸರ, ಕಾಲಿಗೆ ರೂಢಿ ಆಗೇತ್ರಿ" ಎಂದು ಆತ ನಕ್ಕ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎರಡು ವರ್ಷ ಏನೂ ಆಗಿರಲಿಲ್ಲ.

ಆದದ್ದು ಆತ ಮದುವೆಗೆಂದು ರಜೆ ಹಾಕಿದ ದಿನ. ನೆರೆಯ ತೋಟದ ಹುಡುಗ, ಗಾಡಿ ನಡೆಸುವುದರಲ್ಲಿ ಒಳ್ಳೆಯ ಕೈ, ಜೀಪನ್ನು ಬಬಲೇಶ್ವರಕ್ಕೆ ಒಯ್ದ. ಸಂತೆಯಲ್ಲಿ ಜನ ದಾಟಲೆಂದು ಗಿಯರಿನಲ್ಲಿಯೇ ಕ್ಲಚ್ ಒತ್ತಿ ನಿಂತ. ಬೇರೆ ಯಾವ ಗಾಡಿಯಲ್ಲಾದರೂ ಅದು ಸರಿಯೆ. ಬ್ರೇಕಿನ ಮೇಲಿನ ಕಾಲು ತುಸು ಹಗುರಾದದ್ದೇ ತಡ, ಜೀಪು ಮುಂದಕ್ಕೆ ನುಗ್ಗಿತು. ಕಾಯಿಪಲ್ಲೆ ಮಾರುತ್ತಿದ್ದ ಒಬ್ಬ ಮುದುಕಿಯ ಮುಂಗೈ ಮುರಿಯಿತು. ಜೀವಕ್ಕೆ ಅಪಾಯವಾಗಲಿಲ್ಲ; ಆದರೆ ಎರಡು ತಿಂಗಳು ಆಕೆಗೆ ಸಂತೆಯೂ ಇಲ್ಲ, ಗಳಿಕೆಯೂ ಇಲ್ಲ.

ತಪ್ಪು ಯಾರದು? ಹುಡುಗ, "ಪೆಡಲ್ ಹಿಂಗೈತಿ ಅಂತ ನನಗ ಯಾರೂ ಹೇಳಲಿಲ್ಲ" ಎಂದ. ಚಾಲಕ, "ನನ್ನ ಕೈಯಾಗ ಒಮ್ಮೆನೂ ಹಿಂಗಾಗಿಲ್ಲ" ಎಂದ. ಯಜಮಾನರು, "ಕೆಟ್ಟೈತಿ ಅಂದಿದ್ರ ಮಾಡಿಸ್ತಿರಲಿಲ್ಲೇನು?" ಎಂದರು. ಮೂವರ ಮಾತೂ ನಿಜ. ಮೂರು ನಿಜಗಳು ಸೇರಿ ಒಬ್ಬ ಮುದುಕಿಯ ಕೈ ಮುರಿದಿದ್ದವು. ಚಿಕಿತ್ಸೆಯ ವೆಚ್ಚವನ್ನು ಯಜಮಾನರು ಕೊಟ್ಟರು. ಪ್ರಶ್ನೆ ಅಷ್ಟಕ್ಕೆ ಮುಗಿಯಲಿಲ್ಲ.

ಮುಂದೆ ವಿಜಯಪುರದ ಗ್ಯಾರೇಜಿಗೆ ಜೀಪು ಬಂದಾಗ ನಾನೂ ಹೋಗಿದ್ದೆ. ಹಳೆಯ ಜೀಪಿನಲ್ಲಿ ಪೆಡಲಿನ ಒತ್ತು ಒಂದು ಅಡ್ಡದಂಡಕ್ಕೆ, ಅಲ್ಲಿಂದ ಸರಳಿಗೆ, ಸರಳಿನಿಂದ ಒಂದು ಕವೆಗೆ, ಕವೆಯಿಂದ ಬೇರಿಂಗಿಗೆ, ಹೀಗೆ ಕೈಯಿಂದ ಕೈಗೆ ದಾಟಿ ಕ್ಲಚ್ಚನ್ನು ಮುಟ್ಟುತ್ತದೆ. ಒಂದೊಂದು ಕೀಲಿನ ಪಿನ್ನು ಕೂದಲೆಳೆಯಷ್ಟು ಸವೆದರೂ ಪೆಡಲಿನಲ್ಲಿ ಅದು ಅಂಗುಲಗಳಾಗಿ ಕಾಣುತ್ತದೆ. ಸರಳಿನ ತುದಿಯ ನಟ್ಟನ್ನು ತಿರುವಿದರೆ ಸಡಿಲು ಆಗಲೇ ಹೋಗುತ್ತದೆ. ಐದು ನಿಮಿಷದ ಕೆಲಸ. ಮಿಸ್ತ್ರಿ ಹಾಗೆ ಮಾಡಲಿಲ್ಲ. "ಮೊದಲ ಸವದದ್ದು ತೆಗೀಬೇಕ್ರಿ ಸರ, ಆಮ್ಯಾಲೆ ಅಡ್ಜಸ್ಟು. ಸವದದ್ದು ಇಟ್ಟು ನಟ್ಟು ತಿರುವಿದ್ರ ಮುಚ್ಚಿಟ್ಟಂಗ ಆತು" ಎಂದು, ಪಿನ್ನು ಬುಷ್ಷುಗಳನ್ನೆಲ್ಲ ಬದಲಿಸಿ, ಗ್ರೀಸು ಹಚ್ಚಿ, ಕೊನೆಗೆ ನಟ್ಟಿಗೆ ಕೈ ಹಾಕಿದರು.

ಇನ್ನೂ ಒಂದು ಮಾತನ್ನು ಅವರು ತೋರಿಸಿಕೊಟ್ಟರು. ಸಡಿಲನ್ನು ಪೂರ್ತಿ ತೆಗೆಯತಕ್ಕದ್ದಲ್ಲ. ಪೆಡಲನ್ನು ಕೈಯಿಂದ ಒತ್ತಿದರೆ ಸುಮಾರು ಒಂದಂಗುಲ ಹಗುರಾಗಿ ಇಳಿದು, ಆಮೇಲೆ ಬಿಗಿ ಹತ್ತಬೇಕು. ಈ ಬಿಡುವಿಗೆ ಗ್ಯಾರೇಜಿನವರು 'ಪ್ಲೇ' ಎನ್ನುತ್ತಾರೆ. ಅದೂ ಇಲ್ಲದಿದ್ದರೆ ಬೇರಿಂಗಿಗೆ ವಿಶ್ರಾಂತಿಯಿಲ್ಲದೆ ಅದು ಸವೆಯುತ್ತದೆ; ಕ್ಲಚ್ಚು ಪೂರ್ತಿ ಹಿಡಿಯದೆ ಜಾರಿ ಸುಡುತ್ತದೆ. ಇಷ್ಟೇ ಅಲ್ಲ: ಪಿನ್ನು ಸವೆದರೆ ಸಡಿಲು ಹೆಚ್ಚುತ್ತದೆ, ಕ್ಲಚ್ ಪ್ಲೇಟು ಸವೆದರೆ ಸಡಿಲು ಕಡಿಮೆಯಾಗುತ್ತದೆ. ಎರಡೂ ಒಟ್ಟಿಗೆ ಸವೆದರೆ ಪೆಡಲು ನೆಟ್ಟಗಿರುವಂತೆಯೇ ತೋರುತ್ತದೆ. ಎರಡು ದೋಷಗಳು ಒಂದನ್ನೊಂದು ಮುಚ್ಚಿಕೊಂಡು ಆರೋಗ್ಯದ ವೇಷ ಹಾಕುವುದು ಮನೆತನಗಳಲ್ಲಿಯೂ ಕಚೇರಿಗಳಲ್ಲಿಯೂ ಅಪರೂಪವೇನಲ್ಲ.

ಹೊಂದಿಕೊಳ್ಳುವುದನ್ನು ನಾವು ಸದ್ಗುಣವೆಂದೇ ಕಲಿತಿದ್ದೇವೆ. ಬಡತನದ ನಾಡಿನಲ್ಲಿ ಅದಿಲ್ಲದೆ ಒಂದು ದಿನವೂ ಸಾಗದು. ಮುರುಕು ಕುರ್ಚಿಯ ಮೇಲೆ ವಾಲದಂತೆ ಕೂಡುವುದನ್ನು, ಸೋರುವ ಮಾಳಿಗೆಯ ಕೆಳಗೆ ಹಾಸಿಗೆಯ ಜಾಗ ಬದಲಿಸುವುದನ್ನು ಅಲ್ಲಗಳೆಯಲು ನಾನು ಯಾರು? ಮನುಷ್ಯ ಸಂಬಂಧಗಳಲ್ಲಂತೂ ಒಂದಂಗುಲದ ಬಿಡುವು ಇರಲೇಬೇಕು. ಎಲ್ಲವನ್ನೂ ಬಿಗಿದೇ ತೀರುತ್ತೇನೆಂಬ ಗಂಡನೂ ಮೇಲಧಿಕಾರಿಯೂ ತಮ್ಮವರನ್ನು ಸುಟ್ಟೇ ತೀರುತ್ತಾರೆ.

ಆದರೆ ಎಲ್ಲಿಯವರೆಗೆ? ನನಗೆ ತೋರುವ ಒರೆಗಲ್ಲು ಇದು: ದೋಷಕ್ಕೆ ನಾನು ಹೊಂದಿಕೊಂಡರೆ ಅದರ ಕಷ್ಟ ನನ್ನೊಬ್ಬನ ಮೇಲೆಯೇ ಬೀಳುವುದಾದರೆ, ಅದು ತಾಳ್ಮೆ. ನಾನಿಲ್ಲದ ದಿನ ಅದು ಇನ್ನೊಬ್ಬರ ಮೇಲೆ ಬೀಳುವುದಾದರೆ, ಅದು ತಾಳ್ಮೆಯಲ್ಲ, ಮುಚ್ಚಿಡುವುದು. ಚಾಲಕನ ಜಾಣ್ಮೆ ಜೀಪಿನ ದೋಷವನ್ನು ತಿದ್ದಲಿಲ್ಲ, ಕಾಣದಂತೆ ಮಾಡಿತು. ಜಾಣ್ಮೆ ಆತನ ಕಾಲಿನಲ್ಲಿತ್ತು, ದೋಷ ಗಾಡಿಯಲ್ಲಿತ್ತು. ಕಾಲು ಮದುವೆಗೆ ಹೋಯಿತು. ದೋಷ ಸಂತೆಗೆ ಹೋಯಿತು.

ಹಾಗೆಂದು ಎಲ್ಲ ಭಾರವನ್ನೂ ಚಾಲಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಪೆಡಲಿನ ಮೇಲೆ ಕಾಲು ಒಬ್ಬನದು, ಹಣದ ಚೀಲದ ಮೇಲೆ ಕೈ ಇನ್ನೊಬ್ಬನದು. ಕೆಟ್ಟಿದೆ ಎಂದರೆ 'ನಿನಗೆ ನಡೆಸಲಿಕ್ಕೆ ಬರುವುದಿಲ್ಲ' ಎಂಬ ಮಾತು ಬಂದೀತೆಂಬ ಅಂಜಿಕೆ ಸಂಬಳದವನಿಗೆ ಸಹಜ. 'ನಡೀತೈತೇನಪಾ?' ಎಂದು ಕೇಳುವ ಯಜಮಾನನಿಗೆ 'ನಡೀತೈತ್ರಿ' ಎಂಬ ಉತ್ತರವೇ ಸಿಕ್ಕುತ್ತದೆ. 'ಏನು ಸವೆದಿದೆ?' ಎಂದು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು. ಸೊಸೆಯನ್ನು ಕುರಿತು 'ಚೆನ್ನಾಗಿ ಹೊಂದಿಕೊಂಡಿದ್ದಾಳೆ' ಎಂದು ಹಿಗ್ಗುವ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಕಾನೂನಿಗೆ ಬಿಟ್ಟು ನಿಶ್ಚಿಂತರಾಗುವಂತೆಯೂ ಇಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರ 5 ವರ್ಷಕ್ಕೊಮ್ಮೆ ನವೀಕರಣ. ಪರೀಕ್ಷೆಯ ಕಣ್ಣು ಒಂದು ದಿನದ್ದು; ಉಳಿದ ದಿನಗಳ ಸಾಕ್ಷಿ ನಡೆಸುವವನ ಕಾಲು ಮಾತ್ರ.

ಆದುದರಿಂದ ಬಲ್ಲವನ ಧರ್ಮ ಹೇಳುವುದು, ಒಡೆಯನ ಧರ್ಮ ಕೇಳುವುದು. ಕೂಡಲೇ ದುರಸ್ತಿ ಮಾಡಿಸಲು ಎಲ್ಲರಿಗೂ ಅನುಕೂಲವಿರಲಿಕ್ಕಿಲ್ಲ. ಹೇಳಲಿಕ್ಕೆ ಮಾತ್ರ ಕಾಸು ಬೇಕಾಗಿಲ್ಲ. ಎರವಲು ಕೊಡುವ ಸೈಕಲ್ಲಿನ ಬ್ರೇಕಾಗಲಿ, ಬಾಡಿಗೆಗೆ ಬಿಡುವ ಮನೆಯ ವಿದ್ಯುತ್ ತಂತಿಯಾಗಲಿ, ಮುಂದಿನ ಗುಮಾಸ್ತನಿಗೆ ಒಪ್ಪಿಸುವ ಕಡತವಾಗಲಿ, ನಮ್ಮ ಕೈಗೆ ರೂಢಿಯಾದ ಸಡಿಲು ಎಲ್ಲಿದೆ ಎಂಬುದನ್ನು ಹೇಳಿಯೇ ಕೊಡಬೇಕು. ಪಡೆಯುವವನ ಕೈ ನಮ್ಮ ಕೈಯಲ್ಲ.