ಕಲೆಯಲ್ಲಿ ಕೃತ, ಕಾರಿತ, ಅನುಮೋದನೆ

ಜೀವನು ಮಾಡುವ ಕಾರ್ಯಗಳನ್ನು ಜೈನಶಾಸ್ತ್ರವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಕಂಡು ಮೆಚ್ಚಿದ್ದು. ಈ ಮೂರೂ ಕರ್ಮಾಸ್ರವಕ್ಕೆ ದ್ವಾರಗಳು. ಹಿಂಸೆಯ ವಿಷಯದಲ್ಲಿ ಇದನ್ನು ಅರಿಯದ ಶ್ರಾವಕರಿಲ್ಲ. ಕಲೆಯ ವಿಷಯದಲ್ಲಿ ನೆನೆಯುವವರು ವಿರಳ. ಕಲಾವಿದನದು ಕೃತ, ದ್ರವ್ಯ ಕೊಟ್ಟವನದು ಕಾರಿತ, ಕಂಡು ಸವಿದವನದು ಅನುಮೋದನೆ. ಆದುದರಿಂದ ಪ್ರೇಕ್ಷಕನೂ ಹೊಣೆಯಿಂದ ಹೊರತಲ್ಲ.

ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, ಪಂಪನು ಕ್ರಿ.ಶ. 941ರಲ್ಲಿ ಕನ್ನಡದಲ್ಲಿಯೂ ವರ್ಣಿಸಿದ ನೀಲಾಂಜನೆಯ ಪ್ರಸಂಗ ಇಲ್ಲಿ ವಿಚಾರಣೀಯ. ವೃಷಭಸ್ವಾಮಿಗೆ ವೈರಾಗ್ಯ ಮೂಡಲೆಂದು ಇಂದ್ರನು ಆಯುಷ್ಯ ಮುಗಿಯಲಿದ್ದ ದೇವನರ್ತಕಿಯನ್ನೇ ಸಭೆಗೆ ಕರೆತಂದನು. ನರ್ತಿಸುತ್ತಿದ್ದಂತೆಯೇ ಅವಳು ಮಿಂಚಿನಂತೆ ಮರೆಯಾದಳು. ರಸಭಂಗವಾಗದಿರಲೆಂದು ಇಂದ್ರನು ತತ್‌ಕ್ಷಣವೇ ಅವಳಂತೆಯೇ ಇದ್ದ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ಸ್ವಾಮಿಯೊಬ್ಬರೇ ಅರಿತರು, ಸಂಸಾರದ ಅನಿತ್ಯತೆಯನ್ನು ಕಂಡು ದೀಕ್ಷೆಗೆ ನಡೆದರು.

ನೃತ್ಯ ಒಂದೇ, ಸಭೆ ಒಂದೇ. ಹಲವರಿಗೆ ಅದು ವಿನೋದ, ಒಬ್ಬರಿಗೆ ವೈರಾಗ್ಯ. ಹಾಗಾದರೆ ರಾಗವಿದ್ದುದು ನೃತ್ಯದಲ್ಲಲ್ಲ, ನೋಡುವವರ ಭಾವದಲ್ಲಿ. ರಾಗವನ್ನು ಕೆರಳಿಸುವ ಕಲೆಯನ್ನು ಬಿಡುವುದೇ ಕ್ಷೇಮವೆಂದು ಕೆಲವರು ವಾದಿಸಬಹುದು. ಆ ಎಚ್ಚರಿಕೆ ಸಾಧುವಾದುದೇ. ಆದರೆ ಅಂದು ಮುಖ ತಿರುಗಿಸಿ ಕುಳಿತವನಿಗೂ ಅವಳು ಮರೆಯಾದದ್ದು ಕಾಣುತ್ತಿರಲಿಲ್ಲ. ಸಭೆಯ ದೋಷ ನೋಡಿದ್ದಲ್ಲ, ಪೂರ್ಣವಾಗಿ ನೋಡದಿದ್ದದ್ದು. ಅದು ನೃತ್ಯವನ್ನು ಸವಿಯಿತು. ನರ್ತಿಸುವ ಜೀವವನ್ನು ಮರೆಯಿತು.

ಈ ಮರೆವು ಪುರಾಣಕಾಲಕ್ಕೇ ಮುಗಿದಿಲ್ಲ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಇದೇ ಪ್ರಸಂಗವನ್ನು ಸಮಾಜದ ಹೆಣ್ಣುಮಕ್ಕಳು ಅಭಿನಯಿಸುವುದುಂಟು. ನರ್ತಕಿ ಕುಸಿಯುವ ಘಳಿಗೆಯಲ್ಲಿ ಚಪ್ಪಾಳೆ ಮೊಳಗುತ್ತದೆ, ಮೊಬೈಲುಗಳು ಮೇಲೇಳುತ್ತವೆ. ವೈರಾಗ್ಯದ ದೃಶ್ಯವೇ ವಿನೋದವಾದರೆ ಆ ಅನುಮೋದನೆ ಯಾವುದಕ್ಕೆ ಸಂದಿತು?

ಮಾಡಿಸುವವರ ಹೊಣೆ ಇನ್ನೂ ಹಿರಿದು. ವಿಂಧ್ಯಗಿರಿಯ 58 ಅಡಿಯ ಗೊಮ್ಮಟಮೂರ್ತಿಯ ಪಾದದ ಬಳಿಯ ಶಾಸನ ಚಾವುಂಡರಾಯನು ಮಾಡಿಸಿದನೆಂದು ಸಾರುತ್ತದೆ. ಉಳಿ ಹಿಡಿದವರ ಹೆಸರನ್ನು ಹೇಳುವುದಿಲ್ಲ. ಆ ಚಾವುಂಡರಾಯನಲ್ಲಿ ಮೂಡಿದ ಅಭಿಮಾನವನ್ನು ಅಜ್ಜಿಯೊಬ್ಬಳ ಗುಳ್ಳಕಾಯಿಯಷ್ಟು ಹಾಲು ಕರಗಿಸಿತೆಂದು ಐತಿಹ್ಯವಿದೆ. ಇಂದಿಗೂ ಬಸದಿಯ ಜೀರ್ಣೋದ್ಧಾರವಾದಾಗ ದಾನಿಗಳ ಹೆಸರು ಅಮೃತಶಿಲೆಯ ಮೇಲೆ ಕೂರುತ್ತದೆ, ಶಿಲ್ಪಿಯ ಹೆಸರು ಖರ್ಚಿನ ಚೀಟಿಯಲ್ಲಿ ಉಳಿಯುತ್ತದೆ. ಕೂಲಿ ಸಂದಾಯವಾದರೆ ಲೆಕ್ಕ ಚುಕ್ತಾ ಆಗಬಹುದು. ಋಣ ಚುಕ್ತಾ ಆಗದು.

ಶಿಲ್ಪಿ ಕೀರ್ತಿಯನ್ನು ಬಯಸದಿರುವುದು ಅವನ ಅಪರಿಗ್ರಹ. ಅವನ ಹೆಸರನ್ನು ಇತರರು ಮರೆಯುವುದು ಅಪರಿಗ್ರಹವಲ್ಲ, ಪ್ರಮಾದ. ಬಸದಿಯ ಕಲ್ಲಿನಲ್ಲಿ ಶಿಲ್ಪಿಯ ಹೆಸರಿಗೂ ಒಂದು ಸಾಲು ದೊರೆಯಲಿ. ನೀಲಾಂಜನೆಯಾಗಿ ಕುಸಿದ ಬಾಲೆಯ ಮುಂದೆ ಸಭೆ ಒಂದು ಘಳಿಗೆ ಮೌನವಾಗಿರಲಿ. ಆಗ ಕೃತ, ಕಾರಿತ, ಅನುಮೋದನೆ ಮೂರೂ ಶುಭೋಪಯೋಗವಾದಾವು.