ಟಿಪ್ಸ್ ಯಾವುದಕ್ಕೆ?

ಹೋಟೆಲಿನಲ್ಲಿ ಊಟ ಮುಗಿದು ಬಿಲ್ಲು ಬಂದಾಗ ನಮ್ಮವರಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಹದಿನೆಂಟು ಪರ್ಸೆಂಟ್ ಎಷ್ಟಾಯಿತೆಂದು ಬಾಯಲ್ಲೇ ಗುಣಿಸುವವರು ಒಂದು ಬಗೆ, ಕೈ ತೊಳೆಯುವ ನೆಪದಲ್ಲಿ ಮೆಲ್ಲನೆ ಏಳುವವರು ಇನ್ನೊಂದು. ನಾವು ಮೊದಲನೆಯ ಗುಂಪಿನವರೆಂದು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆವು. ಆ ಹೆಮ್ಮೆ ಫ್ಲಾರಿಡಾದ ಕೀ ಲಾರ್ಗೋದಲ್ಲಿ ನೀರುಪಾಲಾಯಿತು. ನಮಗೇ ನಾಚಿಕೆಯಾಗುವ ಸಂಗತಿ, ಆದರೂ ಸಂಘದ ಬಂಧುಗಳ ಮುಂದೆ ಹೇಳಿಕೊಳ್ಳಬಹುದೆಂದು ಬರೆಯುತ್ತಿದ್ದೇವೆ.

ಮಕ್ಕಳ ಸ್ಪ್ರಿಂಗ್ ಬ್ರೇಕಿಗೆ ಮೂರು ಮನೆಯವರು ಸೇರಿ ಒಂದು ದೊಡ್ಡ ವ್ಯಾನು ಬಾಡಿಗೆಗೆ ಹಿಡಿದು, ಪುಳಿಯೋಗರೆ ಗೊಜ್ಜು, ಚಕ್ಕುಲಿ ಡಬ್ಬಿ ಸಮೇತ ಹೊರಟಿದ್ದೆವು. ನಮ್ಮಲ್ಲಿ ನಾಲ್ವರು ಹಿಂದಿನ ಬೇಸಿಗೆಯಲ್ಲಿ ಸ್ಕೂಬಾ ಕಲಿತು ‘ಓಪನ್ ವಾಟರ್’ ಕಾರ್ಡು ಪಡೆದಿದ್ದೆವು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವರ ಬೆನ್ನಿಗೆ ಈಗ ಗಾಳಿಯ ಸಿಲಿಂಡರು! ಮೊದಲ ದಿನ ಸಮುದ್ರದ ತಳದಲ್ಲಿರುವ ಕ್ರಿಸ್ತನ ಕಂಚಿನ ವಿಗ್ರಹವನ್ನು ನೋಡಿದೆವು. 1965ರಲ್ಲಿ ಸುಮಾರು 25 ಅಡಿ ನೀರಿನಲ್ಲಿ ನಿಲ್ಲಿಸಿದ್ದಂತೆ. ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ, ಸುತ್ತ ಹಳದಿ ಮೀನುಗಳ ಮೆರವಣಿಗೆ. ಅಂದು ನಮ್ಮ ಜೊತೆಗಿದ್ದ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಭಾರದ ಸಿಲಿಂಡರುಗಳನ್ನು ಎತ್ತಿ ಕೊಟ್ಟ, ಒಬ್ಬೊಬ್ಬರ ಬೆಲ್ಟನ್ನೂ ಎಳೆದು ನೋಡಿದ, ನೀರೊಳಗೆ ನಿಮಿಷಕ್ಕೊಮ್ಮೆ ತಿರುಗಿ ಎಣಿಸಿದ. ನಮಗೆ ಬಹಳ ಖುಷಿಯಾಯಿತು. ಟಿಪ್ಸೂ ಧಾರಾಳವಾಗಿ ಕೊಟ್ಟೆವು.

ಎರಡನೆಯ ದಿನ ನಮಗೆ ಆಸೆ ಹೆಚ್ಚಾಯಿತು. ಅಲ್ಲೇ ಹತ್ತಿರ ‘ಸ್ಪೀಗಲ್ ಗ್ರೋವ್’ ಎಂಬ 510 ಅಡಿ ಉದ್ದದ ಹಳೆಯ ನೌಕಾಪಡೆಯ ಹಡಗನ್ನು 2002ರಲ್ಲಿ ಬೇಕೆಂದೇ ಮುಳುಗಿಸಿದ್ದಾರೆ. ತಳ ಸುಮಾರು 130 ಅಡಿ ಆಳದಲ್ಲಿದೆ. ಅಲ್ಲಿಗೆ ಕರೆದುಕೊಂಡು ಹೋಗಪ್ಪಾ ಎಂದೆವು. ಅವನು ನಮ್ಮ ಕಾರ್ಡು ನೋಡಿ, ನಿಮ್ಮ ತರಬೇತಿ 60 ಅಡಿಯವರೆಗೆ ಮಾತ್ರ, ಆಗುವುದಿಲ್ಲ ಎಂದ. ಆಗ ನಮ್ಮಲ್ಲೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, “ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ” ಎಂದರು. ಅವನು ನಕ್ಕು ತಲೆಯಾಡಿಸಿದ. ಕಡಿಮೆ ಆಳದ ಹವಳದ ಬಂಡೆಗಳ ಕಡೆಗೇ ದೋಣಿ ಹೋಯಿತು. ಅಲ್ಲೂ ಎರಡನೆಯ ಸಲ ಇಳಿದಾಗ, ಇಪ್ಪತ್ತೈದು ನಿಮಿಷಕ್ಕೇ ನಮ್ಮಲ್ಲೊಬ್ಬರ ಗಾಳಿ ಬೇಗ ಇಳಿಯುತ್ತಿದೆಯೆಂದು ಎಲ್ಲರನ್ನೂ ಮೇಲಕ್ಕೆ ಕರೆತಂದ. ಉಳಿದ ಮೂವರ ಸಿಲಿಂಡರು ಇನ್ನೂ ಅರ್ಧ ತುಂಬಿತ್ತು. ಕೊಟ್ಟ ದುಡ್ಡಿಗೆ ಅರ್ಧ ಸಮುದ್ರ ಎಂದು ಗೊಣಗಿದೆವು. ಆ ಕಡೆ ಸಾಮಾನ್ಯವಾಗಿ ಕೇಳಿಬರುವ ಲೆಕ್ಕ, ಒಬ್ಬೊಬ್ಬರ ಒಂದೊಂದು ಸಿಲಿಂಡರಿಗೆ 5ರಿಂದ 10 ಡಾಲರ್. ನಾಲ್ವರಿಂದ ಎಂಟು ಸಿಲಿಂಡರು, ಕಡಿಮೆಯೆಂದರೂ 40 ಆಗಬೇಕು. ನಾವು ಡಬ್ಬಿಗೆ ಹಾಕಿದ್ದು 20.

ರಾತ್ರಿ ರೂಮಿನಲ್ಲಿ ಮೊಸರನ್ನ ತಿನ್ನುತ್ತಾ ಇದೇ ಮಾತು ನಡೆದಾಗ ಹನ್ನೊಂದು ವರ್ಷದ ಹುಡುಗಿ ಕೇಳಿದಳು: “ಅಂಕಲ್, ಆ ಶಿಪ್ಪಿಗೆ ಕರ್ಕೊಂಡು ಹೋಗಿದ್ರೆ ಎಷ್ಟು ಕೊಡ್ತಿದ್ರಿ?” ಹೆಗಲ ಮೇಲೆ ಕೈಯಿಟ್ಟವರು ಯೋಚಿಸದೆ “ನೂರು” ಎಂದುಬಿಟ್ಟರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತರಗತಿಯಲ್ಲಿ ಕಲಿತದ್ದು ಆಗ ನೆನಪಿಗೆ ಬಂತು. 33 ಅಡಿ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು, 99 ಅಡಿಯಲ್ಲಿ ನಾಲ್ಕರಷ್ಟು. ಅಂದರೆ ಅಲ್ಲಿ ಒಂದೊಂದು ಉಸಿರಿಗೂ ನಾಲ್ಕರಷ್ಟು ಗಾಳಿ ಖರ್ಚು. ಹೆದರಿ ಏದುಸಿರು ಬಿಟ್ಟರೆ ಇನ್ನೂ ಹೆಚ್ಚು. ಗಾಬರಿಯಾಯಿತೆಂದು ಸರ್ರನೆ ಮೇಲೆ ಬರುವಂತೆಯೂ ಇಲ್ಲ. ಉಸಿರು ಕಟ್ಟಿಕೊಂಡರೆ ಶ್ವಾಸಕೋಶ ಹರಿಯಬಹುದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಕ್ಕೇ ಬರಬಹುದು. 60 ಅಡಿಯಲ್ಲೇ ಗಾಳಿ ಉಳಿಸಲಾಗದ ನಮ್ಮನ್ನು ಆ ಹಡಗಿಗೆ ಇಳಿಸಿದ್ದರೆ?

ಹೋಟೆಲಿನಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ತಿಂದವನಿಗೆ ಗೊತ್ತಾಗುತ್ತದೆ. ನೀರೊಳಗೆ ಹಾಗಲ್ಲ. ಗೈಡ್ ಮಾಡಿದ ಒಳ್ಳೆಯ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ಬಿದ್ದರೂ ಅದು ನಮಗೆ ಸಿಟ್ಟು ತರಿಸುವ ‘ಬೇಡ’ವಾಗಿಯೇ ಬೀಳುತ್ತದೆ. ನಮ್ಮನ್ನು ಸಂತೋಷಪಡಿಸಿದ್ದಕ್ಕೆ ಹೆಚ್ಚು, ಕಾಪಾಡಿದ್ದಕ್ಕೆ ಕಡಿಮೆ ಕೊಟ್ಟರೆ, ಬಾಡಿಗೆ ಕಟ್ಟಬೇಕಾದ ಆ ಹುಡುಗ ಮುಂದಿನ ವಾರ ಬರುವವರಿಗೆ ಏನು ಹೇಳುತ್ತಾನೆ? ಮುಂದಿನ ವಾರ ಬರುವವರೂ ಯಾರದೋ ಮನೆಯವರೇ ತಾನೆ.

ಊರಿಗೆ ಹೋದಾಗ ಆಫೀಸಿನ ಗುಮಾಸ್ತೆ “ಸ್ವಲ್ಪ ನೋಡ್ಕೊಳ್ಳಿ ಸ್ವಾಮಿ” ಎಂದರೆ ನಮಗೆ ಮೈ ಉರಿಯುತ್ತದೆ. ಇಲ್ಲಿಗೆ ಬಂದು ಊರವರಿಗೆಲ್ಲಾ ಅದನ್ನೇ ಹೇಳಿಕೊಂಡು ತಿರುಗುತ್ತೇವೆ. ಅದೇ ಮಾತನ್ನು ನಾವೇ ದೋಣಿಯಲ್ಲಿ ಇಂಗ್ಲಿಷಿನಲ್ಲಿ ಆಡಿದ್ದೆವು! ಮುಂಚೆ ಕೊಟ್ಟರೆ ಲಂಚ, ಆಮೇಲೆ ಕೊಟ್ಟರೆ ಟಿಪ್ಸ್ ಎಂದು ನಮ್ಮಲ್ಲೊಬ್ಬರು ವ್ಯಾಖ್ಯಾನ ಮಾಡಿದರು. ಆಮೇಲೆ ಕೊಡುವ ದುಡ್ಡಿನ ಆಸೆ ಮುಂಚೆಯೇ ಕೆಲಸ ಮಾಡುತ್ತದೆಂಬುದು ಆ ವ್ಯಾಖ್ಯಾನಕ್ಕೆ ಸಿಗಲಿಲ್ಲ.

ಹಾಗಾದರೆ ಟಿಪ್ಸ್ ಎಂಬುದೇ ಬೇಡ, ಫೀಸಿನಲ್ಲೇ ಸೇರಿಸಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಹವಾಮಾನ ಕೆಟ್ಟಿತೆಂದು ವಿಮಾನ ತಿರುಗಿಸಿದ ಪೈಲಟ್‌ಗೆ ಯಾರೂ ಟಿಪ್ಸ್ ಕೊಡುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಆದರೆ ಈ ದೇಶದ ಪದ್ಧತಿಯೇ ಬೇರೆ. ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ಟರೆ ಸಾಕು, ಕನಿಷ್ಠ ಕೂಲಿಯ ಉಳಿದ ಭಾಗ ಟಿಪ್ಸಿನಿಂದ ತುಂಬಲಿ ಎಂದು ಫೆಡರಲ್ ಕಾನೂನು 1991ರಿಂದ ಅದೇ ಅಂಕಿಯನ್ನು ಇಟ್ಟುಕೊಂಡು ಕೂತಿದೆ. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚು ಗೊತ್ತುಮಾಡಿವೆ, ಅದು ಬೇರೆ ಮಾತು. ತತ್ವಕ್ಕಾಗಿ ಟಿಪ್ಸ್ ಬಿಟ್ಟವನ ತತ್ವಕ್ಕೆ ದಂಡ ಕಟ್ಟುವವನು ಮಾಲೀಕನಲ್ಲ, ಸಿಲಿಂಡರು ಹೊತ್ತವನು. ಗೈಡ್ ನಿಜವಾಗಿಯೂ ಅಸಡ್ಡೆ ಮಾಡಿದರೆ? ಹತ್ತು ಡಾಲರ್ ಕಡಿಮೆ ಹಾಕಿದರೆ ಅವನಿಗೆ ಕಾರಣ ತಿಳಿಯುವುದಿಲ್ಲ, ಜಿಪುಣರು ಎಂದುಕೊಂಡು ಸುಮ್ಮನಾಗುತ್ತಾನೆ. ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ನಮಗೆ ಸಂಕೋಚ.

ಇದು ಅಮೆರಿಕದ ರಗಳೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೂ ಈಗ ಜನ ಡೈವಿಂಗಿಗೆ ಹೋಗುತ್ತಾರೆ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿಸಿಕೊಂಡು ಬೆಂಗಳೂರಿನಿಂದ ಬಂದವರಿಗೆ, ಇಂದು ಅಲೆ ಜೋರಾಗಿದೆ, ದೋಣಿ ಬಿಡುವುದಿಲ್ಲ ಎಂದರೆ ಅವರ ಮುಖ ಹೇಗಾದೀತೆಂದು ಊಹಿಸಿಕೊಳ್ಳಿ.

ಮರುವರ್ಷ ಮತ್ತೆ ಕೀಸ್‌ಗೆ ಹೋದಾಗ ಒಂದು ಉಪಾಯ ಮಾಡಿದೆವು. ಎಂಟು ಸಿಲಿಂಡರಿಗೆ ಹತ್ತರಂತೆ 80 ಡಾಲರನ್ನು ಹೊರಡುವ ಮುಂಚೆಯೇ ಲಕೋಟೆಗೆ ಹಾಕಿ ಅಂಟಿಸಿ, ನೀರಿಗಿಳಿಯದೆ ದೋಣಿಯಲ್ಲೇ ಕೂರುವ ನಮ್ಮ ಮನೆಯಾಕೆಯೊಬ್ಬರ ಕೈಗೆ ಕೊಟ್ಟೆವು. ಏನೇ ಆದರೂ ಬಿಚ್ಚುವಂತಿಲ್ಲ ಎಂದು ಮಾತಾಯಿತು. ಅಂದೇ ಗಾಳಿ ಎದ್ದು, ಮೊದಲ ಸಲ ಇಳಿದು ಬಂದಮೇಲೆ ದೋಣಿಯನ್ನು ದಡಕ್ಕೆ ತಿರುಗಿಸಿದರು. ನಾಲ್ಕು ಸಿಲಿಂಡರು ಮುಟ್ಟಲೇ ಇಲ್ಲ. ದಡದಲ್ಲಿ ನಮ್ಮಲ್ಲೊಬ್ಬರು ಆಕೆಯ ಕಿವಿಯ ಬಳಿ ಬಗ್ಗಿ, “ನಲವತ್ತು ತೆಗೆಯೋಣವಾ?” ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. ಅಷ್ಟರಲ್ಲಿ ಲಕೋಟೆ ಆಕೆಯ ಕೈಯಿಂದ ಗೈಡ್‌ನ ಕೈಗೆ ಹೋಗಿಯಾಗಿತ್ತು.