ಇರುಳಿನ ಉದ್ದ ಬಲ್ಲ ಅವರೆ

ಧನುರ್ಮಾಸದ ಭಾನುವಾರ. ಬಟ್ಟೆ ಒಣಗಬೇಕು, ಸಂಪು ತುಂಬಬೇಕು, ದೋಸೆಹಿಟ್ಟು ರುಬ್ಬಬೇಕು. ಇಷ್ಟರ ನಡುವೆ ಮಳವಳ್ಳಿ ಕಡೆಯಿಂದ ದೊಡ್ಡಮ್ಮ ಬಂದರು. ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಹತ್ತಿರ ಇಳಿದು, ಬಿಳೇಕಹಳ್ಳಿಯ ಒಳರಸ್ತೆಗಳನ್ನು ಕೇಳಿಕೊಂಡು ಕೇಳಿಕೊಂಡು ನಡೆದೇ ಬಂದಿದ್ದರು. ಒಂದು ಕೈಯಲ್ಲಿ ಬೆಲ್ಲದಚ್ಚು, ಇನ್ನೊಂದರಲ್ಲಿ ಚೀಲದ ತುಂಬ ಅವರೆಕಾಯಿ. ಕಾಲಿಗೆ ನೀರು ಕೊಟ್ಟೆ.

ಆ ನೀರೂ ಅವರ ತಾಲ್ಲೂಕಿನಿಂದಲೇ ಬಂದದ್ದು. ಕಾವೇರಿಯ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಅಲ್ಲಿಂದ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪು ಮಾಡುತ್ತಾರೆ. ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ. 1974ರಲ್ಲಿ ಮೊದಲ ಹಂತ ಬಂತು, 2024ರ ಅಕ್ಟೋಬರಿನಲ್ಲಿ ಐದನೆಯದು. ಇಳಿದು ಹೋಗುವುದೇ ನದಿಯ ಗುಣ. ನಮ್ಮ ಪಾತ್ರೆ ತೊಳೆಯಲು ಅದು ಬೆಟ್ಟವೇರಿದಂತೆ ಏರಿ ಬರುತ್ತದೆ. ಇದನ್ನು ಹೇಳಿದಾಗ ದೊಡ್ಡಮ್ಮ ತಂಬಿಗೆಯನ್ನು ಸ್ವಲ್ಪ ಹೊತ್ತು ನೋಡಿದರು. "ಹಂಗಾದ್ರೆ ನನಗಿಂತ ಮುಂಚೆ ನಮ್ಮೂರ ನೀರೇ ನಿಮ್ಮನೆಗೆ ನೆಂಟ್ರಾಗಿ ಬಂದೈತೆ ಅನ್ನು" ಎಂದರು.

ಊಟದ ಹೊತ್ತು ಕಳೆದ ಮೇಲೆ ಹಜಾರದಲ್ಲಿ ಹಳೆಯ ಪೇಪರ್ ಹಾಸಿ ಅವರೆ ಸುರಿದೆವು. ಪಕ್ಕದ ಮನೆಯ ಗೆಳತಿ ಬಂದಳು, ಅವಳ ಹಿಂದೆ ಮಕ್ಕಳು. ಹಿತಕಿದ ಬೇಳೆ ಆಗಬೇಕಾದರೆ ಸುಲಿಯಬೇಕು, ನೆನೆಸಬೇಕು, ಮತ್ತೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಸುಕಿ ಸಿಪ್ಪೆ ಜಾರಿಸಬೇಕು. ಒಬ್ಬರಿಂದ ಮುಗಿಯುವ ಕೆಲಸವಲ್ಲ ಇದು. ಆದ್ದರಿಂದಲೇ ಜನ ಸೇರುತ್ತಾರೆ, ಮಾತು ಸೇರುತ್ತದೆ. ಬೆರಳಿಗೆ ಅಂಟು, ಮನೆಯೆಲ್ಲ ಸೊಗಡು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ ದೊಡ್ಡಮ್ಮ.

"ಇದು ಚಳಿಗಾಲದಲ್ಲೇ ಯಾಕೆ ಬರುತ್ತೆ?" ಎಂದು ಮಕ್ಕಳಲ್ಲೊಬ್ಬಳು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ನಾಟಿ ಅವರೆಯನ್ನು ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಾರೆ. ತಿಂಗಳುಗಟ್ಟಲೆ ಬಳ್ಳಿ ಹಬ್ಬುತ್ತದೆ, ಎಲೆ ಬಿಡುತ್ತದೆ, ಹೂವಿನ ಸುದ್ದಿಯೇ ಇಲ್ಲ. ಹಗಲು ಕುಗ್ಗಿ ಇರುಳು ಹಿಗ್ಗಿದ ಮೇಲಷ್ಟೇ ಮೊಗ್ಗು. ಎಲೆಯೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕು ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಗುರುತಿಸುತ್ತದೆ. ನಮ್ಮ ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅದೂ ಆರು ತಿಂಗಳ ಉದ್ದಕ್ಕೂ ಹರಡಿಕೊಂಡು ಬರುವ ಬದಲಾವಣೆ. ದೀಪ ಹಾಕಿಕೊಂಡು ಬದುಕುವ ನಮಗೆ ಅದು ತಿಳಿಯುವುದೇ ಇಲ್ಲ, ಹೊಲದ ಬಳ್ಳಿಗೆ ತಿಳಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಹಗಲಿರುಳ ಹಂಗಿಲ್ಲದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಕೊಟ್ಟಿದ್ದಾರೆ. ರೈತರಿಗೆ ದೊಡ್ಡ ಉಪಕಾರ. ಆದರೂ ಸೊಗಡು ನಾಟಿಯದ್ದೇ ಎಂಬುದು ದೊಡ್ಡಮ್ಮನ ತೀರ್ಪು, ನನ್ನದೂ ಅದೇ.

ಬೇರಿನ ಕಥೆ ಇನ್ನೂ ದೊಡ್ಡದು. ನಾವು ಉಸಿರಾಡುವ ಗಾಳಿಯ ನೂರರಲ್ಲಿ 78 ಪಾಲು ಸಾರಜನಕ. ನಮ್ಮ ಶ್ವಾಸಕೋಶಕ್ಕೆ ಅದರಿಂದ ಏನೂ ದಕ್ಕುವುದಿಲ್ಲ. ಅವರೆಯ ಬೇರಿನ ಗಂಟುಗಳಲ್ಲಿ ಕುಳಿತ ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಅದೇ ಗಾಳಿಯನ್ನು ಹಿಡಿದು ಗಿಡಕ್ಕೆ ಆಹಾರವಾಗಿಸುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಹೀಗೆ ಮಳವಳ್ಳಿಯ ಹೊಲದ ಮೇಲೆ ಬೀಸಿದ ಗಾಳಿಯ ಒಂದಂಶ ಬಿಳೇಕಹಳ್ಳಿಯ ಹಜಾರದಲ್ಲಿ ಕಾಳಾಗಿ ಆ ಹುಡುಗಿಯ ಅಂಗೈಯಲ್ಲಿತ್ತು.

ಕಾರಣ ತಿಳಿದರೆ ಬೆರಗು ಸಾಯುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಕ್ಕರ್ ಕೂಗುವಾಗಲೂ ನನಗೆ ಹಿಗ್ಗು. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿದುಬಿಡುತ್ತದೆ. ಮುಚ್ಚಿದ ಕುಕ್ಕರಿನ ಒತ್ತಡ ಅದನ್ನು 120ರ ಆಸುಪಾಸಿಗೆ ಏರಿಸಿ ಬೇಳೆ ಬೇಯಿಸಿಕೊಡುತ್ತದೆ. ಇದು ಗೊತ್ತಾದ ದಿನದಿಂದ ನನಗೆ ಅಡುಗೆಮನೆ ಹಿರಿದಾಗಿ ಕಾಣುತ್ತಿದೆ. ಏನೂ ತಿಳಿಯದೆ ಬಾಯಿ ಬಿಟ್ಟು ನೋಡುವುದು ಒಂದು ಗಳಿಗೆಯ ಮಾತು. ತಿಳಿದವರ ಬೆರಗು ದಿನಾ ಪಾತ್ರೆ ತೊಳೆಯುವಾಗಲೂ ಜೊತೆಗಿರುತ್ತದೆ.

ಮಾರುಕಟ್ಟೆಯಲ್ಲಿ ಈಗ ಸುಲಿದ ಕಾಳು, ಹಿತಕಿದ ಬೇಳೆ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಕೆಲಸಕ್ಕೆ ಓಡುವವರು ಅದನ್ನು ಕೊಂಡರೆ ತಪ್ಪೇನಿಲ್ಲ. ಆದರೆ ಈ ಸುಗ್ಗಿಯಲ್ಲಿ ಒಮ್ಮೆಯಾದರೂ ಇಡೀ ಕಾಯಿಯನ್ನೇ ತನ್ನಿ, ಅಕ್ಕಪಕ್ಕದವರನ್ನು ಕರೆಯಿರಿ, ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕಿ ಹೇಳಿ. ಸಂಕ್ರಾಂತಿ ದಾಟಿದರೆ ಸೊಗಡು ಇಳಿಯುತ್ತಾ ಹೋಗುತ್ತದೆ.